ಮಕ್ಕಳ ಕಳ್ಳರ ವದಂತಿ ಹಬ್ಬಿದೆ. ಮಂಡ್ಯದಲ್ಲಿ ಮಗುವನ್ನು ಬೀದಿಯಲ್ಲಿ ಆಡಲು ಬಿಡಬಹುದೇ?

ಬಿಡಬಹುದು. ಬೈಕ್ ಸವಾರರು ಹುಡುಗನನ್ನು ಎತ್ತಿಕೊಂಡು ಹೋಗುವ, ನಿಮ್ಮನ್ನು ಹೆದರಿಸಿದ ಆ ವಿಡಿಯೊ ಹಳೆಯದು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿಯೇ ತಯಾರಿಸಿದ ಚಿತ್ರವದು. ಹುಡುಗನನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟರು. ಇಂಥ ವದಂತಿಗಳನ್ನು ನಂಬಿಯೇ 2018ರಲ್ಲಿ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಜನ ಅಮಾಯಕರನ್ನು ಹೊಡೆದು ಕೊಂದರು.

ಅಪಹರಣ ನಡೆಯುವುದೇ ಇಲ್ಲವೆಂದು ಹೇಳುತ್ತಿಲ್ಲ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ‘ಅಪರಿಚಿತರ ಬಳಿ ಹೋಗಬೇಡ’ ಎಂಬ ಪಾಠ ಅಲ್ಲಿ ಏನು ಮಾಡೀತು?

ನನ್ನನ್ನು ಕೇಳಿದರೆ, ನಿಮ್ಮ ಸೀಮೆಯಲ್ಲಿ ಮೊದಲು ಹೆದರಬೇಕಾದದ್ದು ನೀರಿಗೆ. ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು, ಕೃಷಿ ಹೊಂಡಗಳು: ಎಷ್ಟೋ ಕಡೆ ತಡೆಗೋಡೆಯೇ ಇಲ್ಲ. ಸಿನಿಮಾದಲ್ಲಿ ಮುಳುಗುವವರು ಕೂಗಿ ಕೈಬೀಸುತ್ತಾರೆ. ಸಣ್ಣ ಮಗು ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಳುಗಿಬಿಡುತ್ತದೆ. ಬಚ್ಚಲಿನ ಅರ್ಧ ಬಕೆಟ್ ನೀರೂ ಸಾಕು. ಬಕೆಟ್ ಬರಿದು ಮಾಡಿಡಿ, ಈಜು ಕಲಿಸಿ.

ಇನ್ನು ಸ್ಕೂಟರ್. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ 2023ರಿಂದ ಕಡ್ಡಾಯ. ಪೇಟೆ ಬೀದಿಯಲ್ಲಿ ಅದನ್ನು ತೊಟ್ಟ ಮಗು ಕಂಡರೆ ನನಗೂ ತಿಳಿಸಿ.