ರಾಜನನ್ನು ಗೇಲಿ ಮಾಡಿದರೆ ಜೈಲಾ?

ಪ್ರಶ್ನೆ: ಸುಮಾರು 200 ವರ್ಷದ ಹಿಂದೆ ಯುರೋಪಿನಲ್ಲಿ ರಾಜರನ್ನು, ಮಂತ್ರಿಗಳನ್ನು ಹಿಗ್ಗಾಮುಗ್ಗಾ ಗೇಲಿ ಮಾಡುವ ವ್ಯಂಗ್ಯಚಿತ್ರಗಳು ಬರುತ್ತಿದ್ದವಂತೆ. ಬರೆದವರನ್ನು ಸುಮ್ನೆ ಬಿಡುತ್ತಿದ್ದರಾ?
– ಕಾಲೇಜು ವಿದ್ಯಾರ್ಥಿನಿ, ಉಡುಪಿ

ಉತ್ತರ: ಯಾವ ಊರು ಅನ್ನುವುದರ ಮೇಲೆ ಹೋಗುತ್ತದೆ. ಲಂಡನ್ನಿನಲ್ಲಿ ಜೈಲಿಗಿಂತ ದುಡ್ಡು ಜಾಸ್ತಿ ಕೆಲಸ ಮಾಡಿತು. ಜೇಮ್ಸ್ ಗಿಲ್ರೇ ಅಂತ ಒಬ್ಬನಿದ್ದ. ನೆಪೋಲಿಯನ್ ಮತ್ತು ಬ್ರಿಟನ್ನಿನ ಪ್ರಧಾನಿ ಪಿಟ್ ಊಟದ ಮೇಜಿಗೆ ಕೂತು ಭೂಗೋಳವನ್ನೇ ಕೊಯ್ದು ಹಂಚಿಕೊಳ್ಳುವ 1805ರ ಚಿತ್ರ ಅವನದ್ದೇ. ಅದಕ್ಕೂ ಮೊದಲು, 1797ರಲ್ಲಿ, ಪಿಟ್ ಸರಕಾರ ಅವನಿಗೆ ವರ್ಷಕ್ಕೆ 200 ಪೌಂಡ್ ಗುಟ್ಟಾಗಿ ಕೊಡಲು ಶುರು ಮಾಡಿತ್ತು. ಇನ್ನೊಬ್ಬ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ 1820ರಲ್ಲಿ 100 ಪೌಂಡ್ ತೆಗೆದುಕೊಂಡು, ದೊರೆಯನ್ನು ಅಸಭ್ಯವಾಗಿ ಚಿತ್ರಿಸುವುದಿಲ್ಲ ಅಂತ ಮಾತು ಕೊಟ್ಟ. ಕೇಸು ಹಾಕುವುದೂ ಸುಲಭ ಇರಲಿಲ್ಲ, ಸರಕಾರಿ ವಕೀಲ ಕೋರ್ಟಿನಲ್ಲಿ ನಿಂತು ‘ಈ ಡೊಳ್ಳುಹೊಟ್ಟೆಯವರೇ ನಮ್ಮ ಮಹಾಪ್ರಭುಗಳು’ ಅಂತ ತನ್ನ ಬಾಯಿಂದಲೇ ವಿವರಿಸಬೇಕಾಗುತ್ತಿತ್ತಲ್ವಾ!

ಪ್ಯಾರಿಸ್ಸಿನಲ್ಲಿ ಆ ಮುಜುಗರಕ್ಕೂ ತಯಾರಿದ್ದರು. ಪತ್ರಿಕೆ ನಡೆಸುತ್ತಿದ್ದ ಶಾರ್ಲ್ ಫಿಲಿಪೋನ್ ಮೇಲೆ 1831ರಲ್ಲಿ, ಲೂಯಿ ಫಿಲಿಪ್ ದೊರೆಯನ್ನು ಅವಮಾನಿಸಿದ್ದಾನೆ ಅಂತ ಕೇಸಾಯಿತು. ಅವನು ಕೋರ್ಟಿನಲ್ಲಿ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ದೊರೆಯ ಮುಖ, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಾಗಿ ನಾಲ್ಕನೆಯದು ಪೂರ್ತಿ ಪಿಯರ್ ಹಣ್ಣು! ಹೋಲಿಕೆಯೇ ಅಪರಾಧ ಅಂತಾದರೆ ಪಿಯರ್ ಬರೆದವರನ್ನೆಲ್ಲ ಹಿಡಿಯಬೇಕಾಗುತ್ತದೆ ಅನ್ನುವುದು ಅವನ ವಾದ. ಒಳ್ಳೆಯ ವಾದವೇ, ಆದರೆ ಆರು ತಿಂಗಳ ಶಿಕ್ಷೆ ತಪ್ಪಲಿಲ್ಲ. ಹಣ್ಣು ಮಾತ್ರ ಪ್ಯಾರಿಸ್ಸಿನ ಗೋಡೆ ಗೋಡೆಯ ಮೇಲೂ ಬಂತು. ಇವನ ಪತ್ರಿಕೆಗೆ ಬರೆಯುತ್ತಿದ್ದ ಒನೊರೆ ದೋಮಿಯೆ, ಬಡವರು ಬುಟ್ಟಿಯಲ್ಲಿ ಹೊತ್ತು ತಂದ ಹಣವನ್ನೆಲ್ಲ ದೊರೆ ನುಂಗುವ ಹಾಗೆ ಚಿತ್ರ ಬರೆದು 1832ರಲ್ಲಿ ಜೈಲು ಸೇರಿದ. ಕೊನೆಗೆ 1835ರಲ್ಲಿ, ಚಿತ್ರ ಅಚ್ಚಾಗುವ ಮೊದಲೇ ಸರಕಾರದ ಒಪ್ಪಿಗೆ ಬೇಕು ಅಂತ ಕಾನೂನೇ ಬಂತು. ಬರಹಕ್ಕೆ ಇಲ್ಲದ ಈ ಕಟ್ಟು ಚಿತ್ರಕ್ಕೆ ಮಾತ್ರ. ಓದು ಬಾರದವರಿಗೂ ಚಿತ್ರ ಅರ್ಥವಾಗುತ್ತದೆ ನೋಡಿ, ಭಯ ಇದ್ದದ್ದು ಅದಕ್ಕೇ.

ಪ್ರಶ್ನೆ: ಆ ಕಾಲದಲ್ಲಿ ನಮ್ಮ ಮಂಗಳೂರಿನಲ್ಲಿ ಇಂಥ ಮುದ್ರಣ ಇತ್ತಾ?
– ಓದುಗರು, ಸುರತ್ಕಲ್

ಉತ್ತರ: ಮುದ್ರಣ ಇತ್ತು, ಗೇಲಿ ಇರಲಿಲ್ಲ. ಗಿಲ್ರೇ ಬಳಸಿದ್ದು ತಾಮ್ರದ ತಗಡು. ದೋಮಿಯೆಯದ್ದು ಕಲ್ಲಚ್ಚು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲು ಒದ್ದೆ ಮಾಡಿದರೆ ಶಾಯಿ ಜಿಡ್ಡಿಗಷ್ಟೇ ಅಂಟುತ್ತದೆ. ಬಾಸೆಲ್ ಮಿಶನ್ನಿನ ಕ್ರೈಸ್ತ ಪಾದ್ರಿಗಳು ಇಲ್ಲಿಗೆ ತಂದದ್ದೂ ಅದನ್ನೇ. ಅವರಲ್ಲೊಬ್ಬರಾದ ಮೋಗ್ಲಿಂಗ್ 1843ರಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲೇ ಬಂತು. ಆ ಹೊತ್ತಿಗೆ ದೋಮಿಯೆ ಮಂತ್ರಿಗಳನ್ನು ಬಿಟ್ಟು ಪ್ಯಾರಿಸ್ಸಿನ ಗಂಡ ಹೆಂಡಿರ ಜಗಳ ಬರೆಯುತ್ತಿದ್ದ.