ಓದುಗರ ಪ್ರಶ್ನೆ: ಹಿಮದ ಮೇಲೆ ಓಡಿದರೂ ಎಂಜಿನ್ ಕಾಯುವುದೇಕೆ?

ಪ್ರಶ್ನೆ: ನನ್ನದು ಹಳೆಯ ಲಿಕ್ವಿಡ್ ಕೂಲ್ಡ್ (ದ್ರವದಿಂದ ಎಂಜಿನ್ ತಣಿಸುವ) ಸ್ನೋಮೊಬೈಲ್, ಹಿಮದ ಮೇಲೆ ಓಡುವ ಗಾಡಿ. ಸಡಿಲ ಹಿಮದಲ್ಲಿ ಗಂಟೆಗಟ್ಟಲೆ ಓಡಿಸಿದರೂ ತಕರಾರಿಲ್ಲ. ಗಟ್ಟಿಯಾದ ದಾರಿಗೆ ಬಂದರೆ ಹತ್ತೇ ನಿಮಿಷದಲ್ಲಿ ಎಂಜಿನ್ ಕಾದಿದೆ ಎನ್ನುವ ಕೆಂಪು ದೀಪ ಹತ್ತುತ್ತದೆ. ಮುಂದೆ ಬೈಕಿನ ರೇಡಿಯೇಟರ್ ಒಂದನ್ನು ಫ್ಯಾನ್ ಸಮೇತ ಕೂರಿಸಿ, ಅದಕ್ಕೆ ಜಾಲರಿ ಹಾಕಬೇಕೆಂದಿದ್ದೇನೆ. ಸರಿಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸಡಿಲ ಹಿಮದಲ್ಲಿ ಸರಿಯಾಗಿ ಓಡುತ್ತದೆ ಎಂದರೆ ಪಂಪ್, ಥರ್ಮೋಸ್ಟಾಟ್ ಬಹುಮಟ್ಟಿಗೆ ಚೆನ್ನಾಗಿಯೇ ಇವೆ. ಕೊರತೆ ಇರುವುದು ಹಿಮದ್ದು. ಕೇಳಿದರೆ ನಗು ಬರಬಹುದು, ಆದರೆ ವಿಷಯ ಅಷ್ಟೇ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ತನ್ನ ಬಿಸಿ ಕಳೆದುಕೊಳ್ಳುವ ಹೀಟ್ ಎಕ್ಸ್‌ಚೇಂಜರ್ ನಿಮ್ಮ ಗಾಡಿಯಲ್ಲಿ ಇರುವುದು ಟ್ರ್ಯಾಕ್‌ನ (ಗಾಡಿಯನ್ನು ಮುಂದೆ ನೂಕುವ ಸುತ್ತುಪಟ್ಟಿಯ) ಮೇಲಿನ ಟನಲ್ ಎಂಬ ಲೋಹದ ಮಾಡಿನಲ್ಲಿ. ಟ್ರ್ಯಾಕ್ ಎರಚುವ ಹಿಮ ಅದಕ್ಕೆ ಬಡಿದು ಕರಗುತ್ತದೆ, ಕರಗುವಾಗ ಕೂಲಂಟ್‌ನ ಬಿಸಿ ಎಳೆದುಕೊಳ್ಳುತ್ತದೆ. ದಾರಿ ಗಾಜಿನಂತೆ ಗಟ್ಟಿಯಾದರೆ ಎರಚುವುದಕ್ಕೆ ಏನೂ ಸಿಗುವುದಿಲ್ಲ. ಬರೀ ಗಾಳಿಗೆ ಆ ಕೆಲಸ ಸಾಧ್ಯವಿಲ್ಲ.

ಹಾಗಾಗಿ ರೇಡಿಯೇಟರ್‌ಗೆ ಕೈ ಹಾಕುವ ಮೊದಲು ಒಂದು ಜೊತೆ ಸ್ಕ್ರ್ಯಾಚರ್ ಕೂರಿಸಿ. ಟ್ರ್ಯಾಕ್ ಒಳಗಿನ ಸಸ್ಪೆನ್ಷನ್ ರೈಲಿಗೆ (ಉದ್ದನೆಯ ಲೋಹದ ಪಟ್ಟಿಗೆ) ಬೋಲ್ಟ್ ಮಾಡುವ ಸ್ಪ್ರಿಂಗ್ ಉಕ್ಕಿನ ಕಡ್ಡಿಗಳು ಇವು. ಎಡಕ್ಕೊಂದು, ಬಲಕ್ಕೊಂದು. ತುದಿ ನೆಲವನ್ನು ಗೀರುತ್ತಾ ಹೋಗುತ್ತದೆ, ಎದ್ದ ಐಸ್ ಪುಡಿಯನ್ನು ಟ್ರ್ಯಾಕ್ ಮೇಲಕ್ಕೆ ಒಯ್ಯುತ್ತದೆ. ರೈಲಿನ ಕೆಳಗಿನ ಪ್ಲಾಸ್ಟಿಕ್ ಸ್ಲೈಡ್‌ಗೂ ಅದೇ ಪುಡಿ ಜಾರು ಕೊಡುತ್ತದೆ. ಗಟ್ಟಿ ದಾರಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿದ್ದರೆ ಅದು ಸ್ಲೈಡ್‌ನದು. ಬೋಲ್ಟ್ ಮಾಡುವ ಮುನ್ನ ಟ್ರ್ಯಾಕನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಕಡ್ಡಿ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ನೋಡಿಕೊಳ್ಳಿ. ರಿವರ್ಸ್ ಹಾಕುವಾಗ ಕಡ್ಡಿ ಎತ್ತಿ ಕೊಕ್ಕೆಗೆ ಸಿಕ್ಕಿಸಬೇಕು. ಮರೆತರೆ ಬಾಗುತ್ತದೆ, ಇಲ್ಲ ಮುರಿಯುತ್ತದೆ. ನಾನು ಎರಡೂ ನೋಡಿದ್ದೇನೆ.

ಇಷ್ಟಾದರೂ ದೀಪ ಹತ್ತಿದರೆ ರೇಡಿಯೇಟರ್ ಹಾಕಿ. ಟನಲ್‌ನ ಎಕ್ಸ್‌ಚೇಂಜರ್ ಇದ್ದ ಹಾಗೇ ಇರಲಿ, ಇದು ಅದರ ಜೊತೆಗೆ. ಹೋಸ್ ಮೂಲ ಅಳತೆಯದೇ ಇರಲಿ, ಸಣ್ಣದು ಹಾಕಿದರೆ ಹರಿವು ಕಡಿಮೆಯಾಗುತ್ತದೆ. ರೇಡಿಯೇಟರ್‌ನ ತಲೆ ಕೂಲಂಟ್ ತುಂಬುವ ಬಾಯಿಗಿಂತ ಮೇಲೆ ಹೋದರೆ ಗಾಳಿ ಅಲ್ಲೇ ಸಿಕ್ಕಿ ಕೂರುತ್ತದೆ. ಎಕ್ಸಾಸ್ಟ್ ಪೈಪ್‌ನ ಹಿಂದೆ ಜಾಗ ಖಾಲಿ ಇದೆ ಎಂದು ಅಲ್ಲಿ ಕೂರಿಸಬೇಡಿ. ಕಾದ ಗಾಳಿಯಲ್ಲಿ ಏನು ತಣಿಯುತ್ತದೆ?

ಫ್ಯಾನ್ ವಿಷಯದಲ್ಲಿ ಲೆಕ್ಕ ಹಾಕಿ. 12 ವೋಲ್ಟ್‌ನಲ್ಲಿ 8 ಆಂಪ್ ಎಳೆಯುವ ಫ್ಯಾನ್ ಎಂದರೆ 96 ವ್ಯಾಟ್. ಹಳೆಯ ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಸ್ಟೇಟರ್‌ಗೆ ಹೆಡ್‌ಲೈಟ್, ಹ್ಯಾಂಡಲ್ ಹೀಟರ್ ಜೊತೆ ಇದೂ ಭಾರವೇ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ, ದೀಪಕ್ಕೆ ಹೋಗುವುದು ಎಸಿ ಕರೆಂಟು. ಅದಕ್ಕೆ ಡಿಸಿ ಫ್ಯಾನ್ ಸುಮ್ನೆ ಜೋಡಿಸಿದರೆ ನಡೆಯುವುದಿಲ್ಲ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೇಕು. ಫ್ಯೂಸ್, ರಿಲೇ ಇಲ್ಲದೆ ವೈರ್ ಎಳೆಯಲೇಬೇಡಿ.

ಈಗ ಜಾಲರಿ. ಇದರಲ್ಲಿ ನಾನೇ ಪೆಟ್ಟು ತಿಂದವನು. ನನ್ನ ಮೊದಲ ಗಾಡಿಗೆ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿದ್ದೆ. ನೋಡಲು ಬಲು ಚೆಂದ. ನಿಂತಾಗ ಹಿಂದಿನಿಂದ ಬಂದ ಬಿಸಿಗೆ ಅದರ ಮೇಲಿನ ಹಿಮ ಕರಗಿತು. ಹೊರಟಾಗ ಎದುರು ಗಾಳಿಗೆ ಮತ್ತೆ ಹೆಪ್ಪುಗಟ್ಟಿತು. ಎರಡು ಮೂರು ಸಲ ಹೀಗಾದ ಮೇಲೆ ರೇಡಿಯೇಟರ್ ಮುಂದೆ ಐಸ್‌ನ ಬಾಗಿಲೇ ಆಯಿತು. ಅವತ್ತು ಪಿಸ್ಟನ್ ಗೀರಿಕೊಂಡಿತು. ರೇಡಿಯೇಟರ್‌ಗೆ ಮಾತ್ರ ಒಂದು ಗೀರೂ ಇಲ್ಲ!

ತಂತಿಯ ದಪ್ಪ 0.8 ಮಿ.ಮೀ., ಒಂದು ತಂತಿಯ ನಡುವಿನಿಂದ ಮುಂದಿನದರ ನಡುವಿಗೆ ಅಂತರ 3 ಮಿ.ಮೀ. ಇದ್ದರೆ ಗಾಳಿಗೆ ತೆರೆದಿರುವ ಜಾಗ ಸುಮಾರು ಶೇ. 54. ಅದೇ 1.5 ಮಿ.ಮೀ. ತಂತಿ, 12 ಮಿ.ಮೀ. ಅಂತರ ಆದರೆ ಶೇ. 77. ಕಣ್ಣು ದೊಡ್ಡದಾದಷ್ಟೂ ಹಿಮ ಕಚ್ಚಿಕೊಳ್ಳುವುದೂ ಕಡಿಮೆ. ನಮಗೆ ತಡೆಯಬೇಕಾದದ್ದು ಐಸ್ ಗಟ್ಟಿ ಮತ್ತು ಕೊಂಬೆ, ಹಿಮದ ಪುಡಿ ಅಲ್ಲವಲ್ಲ. ರೇಡಿಯೇಟರ್‌ನ ಫಿನ್‌ಗಳಿಂದ (ತೆಳು ತಗಡಿನ ಎಸಳುಗಳಿಂದ) ಜಾಲರಿ ಎರಡು ಸೆಂಟಿಮೀಟರ್ ಆದರೂ ದೂರ ಇರಲಿ, ಪೆಟ್ಟು ಬಿದ್ದು ಜಾಲರಿ ಒಳಗೆ ಬಾಗಿದರೂ ಫಿನ್‌ಗೆ ತಾಗಬಾರದು. ಪ್ಲಾಸ್ಟಿಕ್ ಟೈ ಅನ್ನು ಫಿನ್‌ಗಳ ನಡುವೆ ತೂರಿಸಿ ಕಟ್ಟುವವರನ್ನು ನೋಡಿದ್ದೇನೆ. ನಡುಗಿ ನಡುಗಿ ಅದು ಟ್ಯೂಬನ್ನೇ ಕೊರೆಯುತ್ತದೆ. ಪ್ರತ್ಯೇಕ ಫ್ರೇಮ್ ಮಾಡಿ, ರಬ್ಬರ್ ಬುಶ್ ಹಾಕಿ, ಕೈಯಲ್ಲೇ ಬಿಚ್ಚುವಂತೆ ಕೂರಿಸಿ. ದಾರಿಯಲ್ಲಿ ನಿಂತಾಗೆಲ್ಲ ಒಮ್ಮೆ ತಟ್ಟಿ ಹಿಮ ಉದುರಿಸಬೇಕು, ಬೇರೆ ಉಪಾಯವಿಲ್ಲ.

ಗಾಳಿಗೆಂದು ಬಾನೆಟ್‌ನಲ್ಲಿ ತೂತು ಕೊರೆದರೆ ಸಡಿಲ ಹಿಮದ ದಿನ ಅದೇ ದಾರಿಯಲ್ಲಿ ಹಿಮ ಒಳಗೆ ಬರುತ್ತದೆ. ಡ್ರೈವ್ ಬೆಲ್ಟ್ ಒದ್ದೆಯಾಗಿ ಜಾರುತ್ತದೆ. ಮುಚ್ಚಳ ಮಾಡಿಟ್ಟುಕೊಳ್ಳಿ.

ಇದೆಲ್ಲ ಆಗುವವರೆಗೆ ದೀಪ ಹತ್ತಿದರೆ ದಾರಿಯ ಅಂಚಿನ ಸಡಿಲ ಹಿಮಕ್ಕೆ ಇಳಿದು ನಿಧಾನವಾಗಿ ಸ್ವಲ್ಪ ದೂರ ಓಡಿಸಿ. ಆದರೂ ಆರದಿದ್ದರೆ ನಿಲ್ಲಿಸಿಬಿಡಿ.

ಪ್ರಶ್ನೆ: ಐಸ್ ಮೇಲೆ ಹಿಡಿತಕ್ಕೆಂದು ಟ್ರ್ಯಾಕ್‌ಗೆ ಸ್ಟಡ್ (ಚೂಪು ಮೊಳೆ) ಹಾಕಿಸುತ್ತಿದ್ದೇನೆ. ಎಕ್ಸ್‌ಚೇಂಜರ್ ತೂತಾಗುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ನಿಜವೇ?

ಉತ್ತರ: ನಿಜ. ಟನಲ್ ಒಳಗೆ ಪ್ರೊಟೆಕ್ಟರ್ ಪಟ್ಟಿಗಳನ್ನು ಹಾಕದೆ ಸ್ಟಡ್ ಹಾಕಿಸಬೇಡಿ. ಟ್ರ್ಯಾಕ್ ಮೇಲಕ್ಕೆ ಉಬ್ಬಿದಾಗ ಅದರ ಮೈ ಪಟ್ಟಿಗೆ ಮೊದಲು ತಾಗಬೇಕು, ಸ್ಟಡ್‌ನ ತುದಿ ಎಕ್ಸ್‌ಚೇಂಜರ್‌ಗೆ ತಲುಪಬಾರದು. ಪಟ್ಟಿಯ ಎತ್ತರ ಆರಿಸುವಾಗ ಸ್ಟಡ್ ಟ್ರ್ಯಾಕ್‌ನಿಂದ ಎಷ್ಟು ಹೊರಗೆ ನಿಂತಿದೆ ಎಂದು ಅಳೆಯಿರಿ, ಡಬ್ಬಿಯ ಮೇಲಿನ ಅಳತೆ ನಂಬಬೇಡಿ. ಟ್ರ್ಯಾಕ್ ಸಡಿಲವಿದ್ದರೆ ಉಬ್ಬುವುದು ಜಾಸ್ತಿ. ಟೆನ್ಷನ್ ಆಗಾಗ ನೋಡುತ್ತಿರಿ.

ಪ್ರಶ್ನೆ: ವಿಪರೀತ ಚಳಿ. ಕೂಲಂಟ್ ಆಗಿ ನೀರು ಬೆರೆಸದೆ ಬರೀ ಗ್ಲೈಕಾಲ್ (ಹೆಪ್ಪುಗಟ್ಟದಿರಲೆಂದು ನೀರಿಗೆ ಬೆರೆಸುವ ದ್ರವ) ತುಂಬಿದರೆ ಇನ್ನೂ ಒಳ್ಳೆಯದಲ್ವಾ?

ಉತ್ತರ: ಇಲ್ಲ, ಉಲ್ಟಾ. ಬರೀ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಗೇ ಗಟ್ಟಿಯಾಗುತ್ತದೆ. ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಬೆರೆಸಿದರೆ ಮೈನಸ್ 37ರ ಹತ್ತಿರದವರೆಗೆ ತಡೆಯುತ್ತದೆ. ಬಿಸಿ ಹೊರುವ ಶಕ್ತಿಯೂ ನೀರಿಗೇ ಹೆಚ್ಚು. ತುಂಬುವಾಗ ಗಾಡಿಯ ಮುಂಭಾಗ ಎತ್ತಿಟ್ಟು ಗಾಳಿ ಹೊರಹೋಗಲು ಬಿಡಿ. ಚೆಲ್ಲಿದ್ದನ್ನು ಒರೆಸಿಬಿಡಿ. ಅದು ಸಿಹಿ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಕುತ್ತು.