ಟೊರಾಂಟೊದಲ್ಲಿ ಕೆಲಸ ಸಿಗಲು ಹುಬ್ಬಳ್ಳಿಯಲ್ಲಿ ಮಾಡಬೇಕಾದ ಕೆಲಸ

ಪ್ರಶ್ನೆ: ನಾನು ಧಾರವಾಡದ ವಿದ್ಯಾಗಿರಿಯವಳು. ಸಿವಿಲ್ ಬಿ.ಇ. ಮುಗಿಸಿ ಹುಬ್ಬಳ್ಳಿಯ ಒಂದು ಸ್ಟ್ರಕ್ಚರಲ್ ಡಿಸೈನ್ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ಗಂಡನ ಜೊತೆ ನನಗೂ ಕೆನಡಾದ ಪಿ.ಆರ್. (ಕಾಯಂ ಆಗಿ ನೆಲೆಸುವ ಪರವಾನಗಿ) ಸಿಕ್ಕಿ, ಈಗ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಇದ್ದೇವೆ. ನಾಲ್ಕು ತಿಂಗಳಿಂದ ಅರ್ಜಿ ಹಾಕುತ್ತಿದ್ದೇನೆ, ಒಂದು ಫೋನೂ ಬಂದಿಲ್ಲ. ಇಲ್ಲಿನ ಅನುಭವ ಇಲ್ಲದವರನ್ನು ಯಾರೂ ತಗೊಳ್ಳಲ್ಲ ಅಂತ ಪರಿಚಯದವರು ಹೇಳುತ್ತಾರೆ. ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಸಿಗುವಂತಿದೆ. ಸೇರಲೇ? ಸೇರಿದರೆ ಅಲ್ಲೇ ಉಳಿದುಬಿಡುತ್ತೇನೆ ಅನ್ನೋ ಭಯ. ಅಪ್ಪ-ಅವ್ವನಿಗೆ ಇನ್ನೂ ಹೇಳಿಲ್ಲ.

ಉತ್ತರ: ಸೇರಿ. ಆದರೆ ಸೋಮವಾರದಿಂದ ಶುಕ್ರವಾರದ ಹಗಲು ಹೊತ್ತು ಅದಕ್ಕೆ ಕೊಡಬೇಡಿ. ಸಂದರ್ಶನದ ಫೋನ್ ಬರೋದು ಆಗಲೇ. ಸಂಜೆ ಪಾಳಿ ಇಲ್ಲವೇ ಶನಿವಾರ, ಭಾನುವಾರದ ಪಾಳಿ ಕೇಳಿ. ಕಟ್ಟಡ ಸಾಮಾನು ಮಾರುವ ಅಂಗಡಿಯಲ್ಲಿ ಕೌಂಟರ್ ಕೆಲಸ ಸಿಕ್ಕರೆ ಇನ್ನೂ ಒಳ್ಳೇದು. ಕೆನಡಾದಲ್ಲಿ ಸರ್ಕಾರಿ ಲೆಕ್ಕವೆಲ್ಲ ಮೀಟರಿನಲ್ಲಿ, ಆದರೆ ಸೈಟಿನಲ್ಲಿ ಕಟ್ಟಿಗೆ, ಪ್ಲೈವುಡ್ ಇವತ್ತಿಗೂ ಅಡಿ-ಇಂಚಿನಲ್ಲೇ ನಡೆಯುತ್ತವೆ. ಮನೆಗಳಿಗೂ ಬಹುಪಾಲು ಕಟ್ಟಿಗೆಯ ಚೌಕಟ್ಟು. ಆ ಭಾಷೆ ನಿಮ್ಮ ಕಿವಿಗೆ ದಿನಾ ಬೀಳಬೇಕು.

ಇನ್ನು ‘ಇಲ್ಲಿನ ಅನುಭವ’ದ ಮಾತು. 2026ರ ಜನವರಿ 1ರಿಂದ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಜಾಸ್ತಿ ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ಕೆನಡಾ ಅನುಭವ ಬೇಕು ಅಂತ ಬರೆಯುವಂತಿಲ್ಲ. ಅಲ್ಲಿ ಇಂಜಿನಿಯರ್ ಲೈಸೆನ್ಸ್ ಕೊಡುವ ‘ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೊ’ ಸಂಸ್ಥೆ ಈ ಷರತ್ತನ್ನು 2023ರಲ್ಲೇ ಕೈಬಿಟ್ಟಿದೆ. ಆದರೆ ಕಾನೂನು ಬಂದ ಮಾತ್ರಕ್ಕೆ ಮ್ಯಾನೇಜರ್ ಮನಸ್ಸಿನ ಅನುಮಾನ ಹೋಗೋದಿಲ್ಲ, ಅಲ್ವಾ? ನೀವು ಹುಬ್ಬಳ್ಳಿಯಲ್ಲಿ ಕೂತು ಖುದ್ದು ಏನು ಮಾಡಿದಿರಿ ಅಂತ ತಿಳಿಯೋಕೆ ಅವರಿಗೆ ದಾರಿಯೇ ಇಲ್ಲ. ಆ ದಾರಿಯನ್ನು ನೀವೇ ಮಾಡಿಕೊಡಬೇಕು. ಅದರಲ್ಲಿ ಅರ್ಧ ಕೆಲಸ ಇರೋದು ಬ್ರಾಂಪ್ಟನ್‌ನಲ್ಲಲ್ಲ, ಇಲ್ಲಿ.

ನಮ್ಮ ಕಡೆ ಆಫೀಸುಗಳು ಕೊಡುವ ಅನುಭವ ಪತ್ರ ಗೊತ್ತಲ್ಲ. ಇಷ್ಟು ವರ್ಷ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು, ಶುಭವಾಗಲಿ. ಮೂರು ಸಾಲು, ಒಂದು ಠಸ್ಸೆ. ಅದನ್ನು ಓದಿದವರಿಗೆ ಏನೂ ತಿಳಿಯೋದಿಲ್ಲ. ಹಳೇ ಸಾಹೇಬರಿಂದ ಹೊಸ ಪತ್ರ ತರಿಸಿ. ಯಾವ್ಯಾವ ಕಟ್ಟಡ, ಎಷ್ಟು ಮಹಡಿ, ಲೆಕ್ಕ ನೀವು ಮಾಡಿದಿರೋ ಬರೀ ನಕ್ಷೆ ತೆಗೆದಿರೋ, ಯಾವ ಸಾಫ್ಟ್‌ವೇರ್, ನಿಮ್ಮ ಕೆಲಸ ಪರಿಶೀಲಿಸುತ್ತಿದ್ದವರು ಯಾರು, ಎಲ್ಲ ಇರಲಿ. ಕರಡು ನೀವೇ ಬರೆದು ಕಳಿಸಿ. ಸಾಹೇಬರಿಗೆ ಬರೆಯೋಕೆ ಪುರುಸೊತ್ತು ಇರೋದಿಲ್ಲ, ತಿದ್ದೋಕೆ ಇರುತ್ತದೆ. ಲೆಟರ್‌ಹೆಡ್, ಸಹಿ, ಆಫೀಸಿನ ಇಮೇಲ್ ಮೂರೂ ಇರಲಿ. ಇನ್ನೊಂದು ಮಾತು ಅವರಿಗೆ ಮೊದಲೇ ಹೇಳಿಡಿ. ಟೊರಾಂಟೊದಲ್ಲಿ ಬೆಳಗ್ಗೆ 10 ಗಂಟೆ ಅಂದರೆ, ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 7.30, ಅಲ್ಲಿನ ಚಳಿಗಾಲದಲ್ಲಿ ರಾತ್ರಿ 8.30. ಆ ಹೊತ್ತಿಗೆ ಪ್ಲಸ್ ಒಂದರಿಂದ ಶುರುವಾಗುವ ನಂಬರಿನಿಂದ ಕರೆ ಬಂದರೆ ನಮ್ಮವರು ಮೋಸದ ಕರೆ ಅಂತ ಕಟ್ ಮಾಡಿಬಿಡುತ್ತಾರೆ.

ರೆಸ್ಯೂಮೆಯಿಂದ ಫೋಟೊ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಮದುವೆ ವಿಷಯ ತೆಗೆಯಿರಿ. ಕೊನೆಗೆ ‘ಮೇಲಿನದೆಲ್ಲ ಸತ್ಯ, ಸ್ಥಳ: ಧಾರವಾಡ’ ಅನ್ನೋ ಸಾಲೂ ಬೇಡ. ಎರಡು ಪುಟ ಸಾಕು.

ನೀವು ಇಂಜಿನಿಯರ್ ಹುದ್ದೆಗೇ ಅರ್ಜಿ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಒಂಟಾರಿಯೊದಲ್ಲಿ ಲೈಸೆನ್ಸ್ ಇಲ್ಲದವರು ತಮ್ಮನ್ನು ವೃತ್ತಿಪರ ಇಂಜಿನಿಯರ್ ಅಂತ ಹೇಳಿಕೊಳ್ಳುವಂತಿಲ್ಲ. ಆದರೆ ಲೈಸೆನ್ಸ್ ಇದ್ದವರು ಜವಾಬ್ದಾರಿ ಹೊತ್ತರೆ ಅವರ ಕೈಕೆಳಗೆ ಕೆಲಸ ಮಾಡಬಹುದು. ಸ್ಟ್ರಕ್ಚರಲ್ ಡಿಸೈನರ್, ಡ್ರಾಫ್ಟಿಂಗ್, ಎಸ್ಟಿಮೇಟರ್, ಪ್ರಾಜೆಕ್ಟ್ ಕೋಆರ್ಡಿನೇಟರ್ ಅನ್ನೋ ಹುದ್ದೆಗಳನ್ನು ಹುಡುಕಿ. ಲೈಸೆನ್ಸಿಗೆ 48 ತಿಂಗಳ ಅನುಭವ ಕೇಳುತ್ತಾರೆ. ಹುಬ್ಬಳ್ಳಿಯ ಅನುಭವ ಲೆಕ್ಕಕ್ಕೆ ಬರಬೇಕಾದರೂ ಆ ವಿವರವಾದ ಪತ್ರವೇ ಬೇಕು.

ಸಂದರ್ಶನದಲ್ಲಿ ಏನು ಮಾತಾಡೋದು? ನನ್ನನ್ನು ಕೇಳಿದರೆ ನಮ್ಮ ಎರೆಮಣ್ಣಿನ ಬಗ್ಗೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಬುನಾದಿ ಹಾಕೋದು ಸುಮ್ನೆ ಅಲ್ಲ. ಒಂಟಾರಿಯೊದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಬುನಾದಿಯನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೇ ದಕ್ಷಿಣ ಒಂಟಾರಿಯೊದಲ್ಲಿ ಸಾಮಾನ್ಯವಾಗಿ 1.2 ಮೀಟರ್ ಕೆಳಗೆ ಹೋಗುತ್ತಾರೆ. ಕಾರಣ ಬೇರೆ, ನೆಲ ಅಲುಗಾಡುವ ಸಮಸ್ಯೆ ಒಂದೇ. ಇದನ್ನು ನೀವಾಗಿ ಎತ್ತಿ ಹೇಳಿದರೆ ಎದುರಿಗೆ ಕೂತವರಿಗೆ ನಿಮ್ಮ ಆರು ವರ್ಷ ಕಣ್ಣಿಗೆ ಕಾಣುತ್ತದೆ. ಜೊತೆಗೆ ಕಾಂಕ್ರೀಟ್ ವಿನ್ಯಾಸದ ನಿಯಮಪುಸ್ತಕವಾದ ನಮ್ಮ ಐ.ಎಸ್. 456ರ ಜಾಗದಲ್ಲಿ ಅಲ್ಲಿ ಬಳಸುವ ಸಿ.ಎಸ್.ಎ. ಎ23.3 ಓದಿಕೊಳ್ಳಿ. ಚಾವಣಿ ಮೇಲಿನ ಹಿಮದ ಭಾರದ ಲೆಕ್ಕ ನಿಮಗೆ ಹೊಸದು, ಅದನ್ನು ಬಿಡಬೇಡಿ. ಪಿ.ಆರ್. ಇದ್ದವರಿಗೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಉದ್ಯೋಗ ನೆರವು ಕೇಂದ್ರಗಳಿವೆ, ಹೊರಗಿಂದ ಬಂದ ಇಂಜಿನಿಯರ್‌ಗಳನ್ನು ಅಲ್ಲಿನ ಕೆಲಸಕ್ಕೆ ತಯಾರು ಮಾಡುವ ಬ್ರಿಡ್ಜಿಂಗ್ ಕೋರ್ಸ್‌ಗಳೂ ಇವೆ. ಮೊದಲು ಅಲ್ಲಿಗೆ ಹೋಗಿ.

ಅಪ್ಪ-ಅವ್ವನಿಗೆ ಹೇಳಿಬಿಡಿ. ಟ್ರಾನ್ಸ್‌ಕ್ರಿಪ್ಟ್‌ಗೆ (ಬಿ.ಇ.ಯ ಎಲ್ಲ ಅಂಕಗಳ ಅಧಿಕೃತ ಪಟ್ಟಿ) ಯೂನಿವರ್ಸಿಟಿ ಆಫೀಸಿಗೆ ಓಡಾಡೋಕೆ, ಸಾಹೇಬರಿಗೆ ಪತ್ರದ ನೆನಪು ಮಾಡೋಕೆ ಇಲ್ಲಿ ಒಬ್ಬರು ಬೇಕೇ ಬೇಕು.

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ ಹಾನಗಲ್ ಹತ್ತಿರದ ಹಳ್ಳಿ. ತಮ್ಮ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ವೆಲ್ಡಿಂಗ್ ಚೆನ್ನಾಗಿ ಬರುತ್ತದೆ. ದುಬೈನಲ್ಲಿ ಕೆಲಸ ಕೊಡಿಸುತ್ತೇನೆ, ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ ಅಂತ ಏಜೆಂಟ್ ಒಬ್ಬರು 1.20 ಲಕ್ಷ ಕೇಳುತ್ತಿದ್ದಾರೆ. ಹೊಲ ಒತ್ತೆ ಇಡಬೇಕು. ಇಡಬಹುದೇ?

ಉತ್ತರ: ಬೇಡ. ವಿಸಿಟ್ ವೀಸಾದಲ್ಲಿ ದುಡಿಯೋದು ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ, ಸಂಬಳ ಕೊಡದಿದ್ದರೆ, ದೂರು ಕೊಡೋಕೂ ಬಾಯಿ ಇರೋದಿಲ್ಲ. ಎಸ್.ಎಸ್.ಎಲ್.ಸಿ. ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್., ಅಂದರೆ ಕೆಲವು ದೇಶಗಳಿಗೆ ದುಡಿಯೋಕೆ ಹೋಗುವ ಮುನ್ನ ಸರ್ಕಾರದ ತಪಾಸಣೆ ಆಗಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ದುಬೈಗೆ ದುಡಿಯೋಕೆ ಹೋಗಬೇಕಾದರೆ ‘ಇ-ಮೈಗ್ರೇಟ್’ ಅನ್ನೋ ಕೇಂದ್ರ ಸರ್ಕಾರದ ವೆಬ್‌ಸೈಟ್ ಮೂಲಕ ಅನುಮತಿ ಬೇಕು. ಏಜೆಂಟ್ ವಿಸಿಟ್ ವೀಸಾ ಅನ್ನೋದು ಈ ತಪಾಸಣೆ ತಪ್ಪಿಸೋಕೇ.

ಏಜೆಂಟರ ಲೈಸೆನ್ಸ್ ನಂಬರ್ ಕೇಳಿ, ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ಲೈಸೆನ್ಸ್ ಇದ್ದವರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ರಶೀದಿ ಕೊಡಲೇಬೇಕು. ಸರಿಯಾದ ದಾರಿಯಲ್ಲಿ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ಅಪಘಾತ ವಿಮೆಯೂ ಸಿಗುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ ಅಷ್ಟೇ.

ತಮ್ಮ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಲಿ. ಪಾಸಾದರೆ ಪಾಸ್‌ಪೋರ್ಟ್ ಬದಲಿಸಿಕೊಳ್ಳಬಹುದು, ಅದಕ್ಕೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. ಆಮೇಲೆ ಮಾತ್ರ ಹುಷಾರು: ಇ.ಸಿ.ಆರ್. ಹೋದರೆ ಸರ್ಕಾರದ ಆ ತಪಾಸಣೆಯೂ ಹೋಗುತ್ತದೆ. ಆಗ ಕಂಪನಿ ಹೆಸರು, ಸಂಬಳ, ಊಟ-ವಸತಿ ಎಲ್ಲ ಬರೆದಿರುವ ಕರಾರು ಪತ್ರವನ್ನು ವಿಮಾನ ಹತ್ತುವ ಮೊದಲೇ ಕೈಗೆ ತಗೊಂಡು, ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟು ಹೋಗಲಿ.